ಬೂಷ್ಟು ಹಿಡಿದ ಫ್ಲಾಪಿ

ಅಫಜಲಪುರದ ನಮ್ಮ ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ನಮಗೆ ಅದನ್ನು ಕಲಿಸಿದವರು ಮೇಡಂ. ಯಾರು ಯಾವ ವಸ್ತುವನ್ನು ಎಸೆಯಲು ಹೋದರೂ ತಡೆದು, "ಕೆಟ್ಟದೋ ಇಲ್ಲೋ, ನಾ ನೋಡಿ ಹೇಳ್ತೇನಿ" ಅನ್ನುತ್ತಿದ್ದರು. ಅವರು ನಿವೃತ್ತರಾದ ಮೇಲೆ ಮುಖ್ಯೋಪಾಧ್ಯಾಯರು ನಾವು ಬರೆದ ಪ್ರೋಗ್ರಾಂಗಳನ್ನು ಉಳಿಸಿಟ್ಟಿದ್ದ ಹಳೆಯ ಫ್ಲಾಪಿಗಳನ್ನೆಲ್ಲ ಡಬ್ಬಿಗಳಲ್ಲಿ ತುಂಬಿ ಗುಜರಿಗೆ ಹಾಕಲು ಹೊರಟರು. ಈಗ ಅಲ್ಲೇ ಪಾಠ ಮಾಡುವ ನಾನು ಮೇಡಂಗೆ ಫೋನ್ ಮಾಡಿದೆ. ಆಟೊ ಹಿಡಿದು ಬಂದವರೇ ಡಬ್ಬಿಗಳಿಗೆ ಅಡ್ಡ ನಿಂತರು.

"ಇವನ್ನ ಯಾರು ನೋಡ್ತಾರ್ರಿ ಮೇಡಂ?" ಎಂದರು ಮುಖ್ಯೋಪಾಧ್ಯಾಯರು.

"ಇದರಾಗ ಮಕ್ಕಳ ಕೆಲಸ ಅದರಿ ಸರ್. ಯಾರರೆ ನೋಡ್ಲಿ ಬಿಡ್ಲಿ, ನಾ ಗುಜರಿಗಿ ಕೊಡಂಗಿಲ್ಲ."

ಮನೆಗೆ ಒಯ್ದು, ಬೂಷ್ಟು ಹಿಡಿದಿದ್ದನ್ನು ಮೆಲ್ಲಗೆ ಒರೆಸಿ, ಹಳೆಯ ಫ್ಲಾಪಿ ಡ್ರೈವಿನಲ್ಲಿ ಒಂದೊಂದನ್ನೇ ಓದಿಸಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ಒಂದರಲ್ಲಿ ನನ್ನ ತರಗತಿಯ ಗೆಳತಿ ಬರೆದ ಮಗ್ಗಿಯ ಪ್ರೋಗ್ರಾಂ ಸಿಕ್ಕಿತು. ಮನೆಯವರು ಅವಳ ಓದನ್ನು ಅರ್ಧಕ್ಕೇ ಬಿಡಿಸಿ ನರೋಣಾ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಮೇಡಂ ಅವಳನ್ನು ಕರೆಸಿ ಪರದೆಯ ಮುಂದೆ ನಿಲ್ಲಿಸಿದರು.

"ನಂಗೇನೂ ಬರಂಗಿಲ್ರಿ ಮೇಡಂ," ಎಂದು ಅವಳು ಹಿಂದೆ ಸರಿದಳು.

"ಇದು ನಿಂದೇ ಕೆಲಸ ಅದ. ಈ ಕೀ ಒತ್ತ ಬೇ."

ಒತ್ತಿದಳು. ಹದಿನೇಳರ ಮಗ್ಗಿ ಸಾಲುಸಾಲಾಗಿ ಇಳಿಯಿತು. ಕೊನೆಯ ಸಾಲಿನವರೆಗೂ ನೋಡಿದ ಗೆಳತಿ ಕುರ್ಚಿ ಎಳೆದುಕೊಂಡು ಕುಳಿತಳು.

"ಅವತ್ತು ಎಲ್ಲಿಗಿ ಬಿಟ್ಟಿದ್ರೋ, ಅಲ್ಲಿಂದ ಹೇಳಿಕೊಡ್ರಿ," ಎಂದಳು.