ಅರ್ಜಿ ಬರೆಯುವಾಗ ಅಪ್ಪ ಇದ್ದ

ಅಪ್ಪ ತೀರಿಕೊಂಡದ್ದು ಸಲೂನಿನ ಕುರ್ಚಿಯಲ್ಲಿ. ರವಿವಾರ ಬೆಳಗ್ಗೆ ದಾಡಿ ಮಾಡಿಸಿಕೊಳ್ಳಲು ಹೋಗಿದ್ದ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು. ನೈಟ್ ಶಿಫ್ಟ್ ಮಾಡಿ ಬಂದ ಮನುಷ್ಯ, ನಿದ್ದೆ ಹತ್ತಿರಬೇಕು ಎಂದುಕೊಂಡು ಸಲೂನಿನವರು ಸ್ವಲ್ಪ ಹೊತ್ತು ಎಬ್ಬಿಸಲೇ ಇಲ್ಲವಂತೆ. ಹೃದಯ ನಿಂತಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮನೆಗೆ ತಂದ ಮೇಲೆ ಅದೇ ಸಲೂನಿನವರು ಬಂದು ಉಳಿದ ಕೆನ್ನೆಯನ್ನು ಮುಗಿಸಿಕೊಟ್ಟರು. ನಾನು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. "ಅತ್ತಬಿಡವಾ, ಒಳಗ ಇಟ್ಕೋಬ್ಯಾಡ" ಎಂದು ಯಾರೋ ಬೆನ್ನು ಸವರಿದರು. ಅಳು ಬರಲಿಲ್ಲ.

ನಾನಾಗ ಹಳಿಯಾಳದ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷ. ದಾಂಡೇಲಿಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಅಪ್ಪ ಧಾರವಾಡದ ಕಡೆಯವನು. ಗುತ್ತಿಗೆದಾರರೊಬ್ಬರ ಕೈಕೆಳಗೆ ಕಾಗದದ ಮಿಲ್ಲಿಗೆ ಬಂದ ಕಟ್ಟಿಗೆ ಇಳಿಸುವ ಕೆಲಸ ಮಾಡುತ್ತಿದ್ದ. ನನ್ನ ಓದಿಗಾಗಿ ಅವನು ಮೊದಲು ಹೋದದ್ದು ಬ್ಯಾಂಕಿಗೆ. ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಲ್ಲಿನ ಸಾಹೇಬರು ನಮ್ಮನ್ನು ಕೂರಿಸಿಯೇ ಮಾತಾಡಿದರು. "ಇಂಜಿನಿಯರಿಂಗ್, ನರ್ಸಿಂಗ್ ಅಂದ್ರ ಬ್ಯಾರೆ ಮಾತು. ಬಿ.ಕಾಂ.ಗೆ ಸಾಲ ಮಾಡಿದ್ರ ನಾಳೆ ತೀರ್ಸಾಕ ನೀವ ಒದ್ದಾಡ್ತೀರಿ ನೋಡ್ರಿ" ಎಂದರು. ಸರ್ಕಾರದ ವಿದ್ಯಾರ್ಥಿವೇತನಕ್ಕೂ ಹಾಕಿದ್ದೆ. ಮೊಬೈಲಿನಲ್ಲಿ ತೆರೆದು ನೋಡಿದಾಗಲೆಲ್ಲ ಅದು ಪರಿಶೀಲನೆಯಲ್ಲಿದೆ ಎಂದೇ ತೋರಿಸುತ್ತಿತ್ತು.

ಕಾಲೇಜಿನ ಮೇಡಂ ಒಬ್ಬರು ಹುಬ್ಬಳ್ಳಿಯ ಒಂದು ಟ್ರಸ್ಟಿನ ಸುದ್ದಿ ಹೇಳಿದ್ದು ಆಗಲೇ. ಎಲ್ಲೂ ಕೆಲಸಕ್ಕೆ ಸೇರದೆ, ದಿನಾ ತರಗತಿಗೆ ಬಂದು ಡಿಗ್ರಿ ಓದುವ ಹುಡುಗಿಯರಿಗೆ ಮೂರು ವರ್ಷ ಸಹಾಯಧನ ಕೊಡುತ್ತಾರೆ, ವಾಪಸ್ ಕಟ್ಟಬೇಕಾಗಿಲ್ಲ, ಆದರೆ ಕೊಡುವ ಮುಂಚೆ ಮನೆಗೆ ಬಂದು ನೋಡುತ್ತಾರೆ ಎಂದರು.

ಅರ್ಜಿ ಹಾಕಿದ್ದೇ ತಡ, ಅಪ್ಪ ನನಗೆ ತಾಲೀಮು ಕೊಡತೊಡಗಿದ. ಗೋಡೆಗೆ ಆನಿಕೊಂಡು ಕುಳಿತು, ದನಿ ದಪ್ಪ ಮಾಡಿ, "ಹಾಂ, ಮುಂದ ಏನಾಗಬೇಕಂತೀರಿ?" ಎಂದು ಕೇಳುವನು. ಮಗಳಿಗೆ ಬಹುವಚನ ಹಚ್ಚಿದ್ದಕ್ಕೆ ತಾನೇ ನಗುವನು. "ಬ್ಯಾಂಕಿನ ಪರೀಕ್ಷೆ ಬರೀತೇನ್ರಿ, ತಂಗೀನ ಓದಸ್ತೇನ್ರಿ" ಎಂದು ನಾನು ಒಪ್ಪಿಸಬೇಕು. ಒಂಬತ್ತನೆಯ ತರಗತಿಯಲ್ಲಿದ್ದ ತಂಗಿ, "ನನಗ ಕೇಳದ ಹೆಂಗ ಹೇಳ್ತಿ?" ಎಂದು ಜಗಳ ತೆಗೆಯುವಳು.

ಗುರುವಾರ ಬರುತ್ತೇವೆ ಎಂದು ಟ್ರಸ್ಟಿನವರು ಅಪ್ಪನ ಮೊಬೈಲಿಗೆ ಮೆಸೇಜು ಕಳಿಸಿದ್ದರು. ಆ ಗುರುವಾರದ ಹಿಂದಿನ ರವಿವಾರ ಅಪ್ಪ ಹೋದ. ಚಾರ್ಜ್ ಮುಗಿದ ಮೊಬೈಲು ಅವನ ಅಂಗಿಯ ಜೇಬಿನಲ್ಲೇ ಉಳಿಯಿತು. ಅವರು ಬರುವ ವಿಷಯ ನನಗೆ ಪೂರಾ ಮರೆತುಹೋಗಿತ್ತು.

ಗುರುವಾರ ಮಧ್ಯಾಹ್ನ ಬಂದರು. ವಯಸ್ಸಾದ ಗಂಡಸು ಒಬ್ಬರು, ಅವರ ಜೊತೆ ಕಾಟನ್ ಸೀರೆ ಉಟ್ಟ ಹೆಂಗಸು ಒಬ್ಬರು. ನಮ್ಮ ಓಣಿ ಸಣ್ಣದು, ಕಾರು ಹಿಡಿಸುವುದಿಲ್ಲ. ಬಿಸಿಲಲ್ಲಿ ನಡೆದು ಬಂದು ಬಾಗಿಲಲ್ಲಿ ನಿಂತು, "ಭಾಳ ಸಲ ಫೋನ್ ಹಚ್ಚಿದ್ವಿ, ಹತ್ಲಿಲ್ಲ. ಜೋಯಿಡಾಕ ಹೊಂಟಿದ್ವಿ, ಹಂಗ ಇಲ್ಲೂ ನೋಡ್ಕೊಂಡು ಹೋಗೂಣು ಅಂತ ಬಂದ್ವಿ" ಎಂದರು. ನಾನು ಚಾಪೆ ಹಾಸಿದೆ.

ಮಣ್ಣಿಗೆ ಬಂದಿದ್ದ ನೆಂಟರು ದಿನದ ಕಾರ್ಯಕ್ಕೆ ಮತ್ತೆ ಬರುತ್ತೇವೆಂದು ಊರಿಗೆ ಹೋಗಿದ್ದರು. ಅಪ್ಪನ ಮಂಚವನ್ನು ಹಿತ್ತಲಲ್ಲಿ ನಿಲ್ಲಿಸಿದ್ದೆವು. ಟಿವಿಯ ಮೇಲೆ ಚಾದರ ಹೊದಿಸಿತ್ತು. ಅವ್ವ ಮೂಲೆಯಲ್ಲಿ ಕುಳಿತವಳು ಯಾರು ಬಂದರೆಂದು ತಲೆ ಎತ್ತಿ ನೋಡಲಿಲ್ಲ. ಕಾಟನ್ ಸೀರೆಯವರು ಅಡುಗೆಮನೆಗೆ ಹೋಗಿ ಒಲೆ ನೋಡಿದರು. ಬೋರಲು ಹಾಕಿದ ಪಾತ್ರೆ ನೋಡಿದರು.

"ಇವತ್ತ ಅಡಗಿ ಮಾಡಿಲ್ಲೇನು?"

"ಇಲ್ಲರೀ. ಬಾಜೂ ಮನಿಯಿಂದ ಬಂದಿತ್ರಿ."

ಅವರು ಏನನ್ನೋ ಬರೆದುಕೊಂಡರು. ಅವರ ಮುಖ ನೋಡಿ, ಇದೆಲ್ಲ ನಮ್ಮ ಬಡತನ ಎಂದು ತಿಳಿದಿದ್ದಾರೆ ಎಂದು ಗೊತ್ತಾಯಿತು. ಅಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟು ಮನಸ್ಸು ನನ್ನಲ್ಲಿರಲಿಲ್ಲ.

ಹಿರಿಯರು ನನ್ನ ಅರ್ಜಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅಪ್ಪಾರು ಡ್ಯೂಟಿಗೆ ಹೋಗ್ಯಾರೇನು?" ಎಂದು ಕೇಳಿದರು.

"ಇಲ್ಲರೀ. ತೀರ್ಕೊಂಡ್ರು."

"ಇದರಾಗ ಅದಾರಂತ ಬರದೀರಲ್ಲ?"

"ಬರಿಯೂಮುಂದ ಇದ್ರು ರೀ."

"ಯಾವಾಗ ತೀರ್ಕೊಂಡ್ರು?"

"ಮೊನ್ನೆ, ರವಿವಾರ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಅಡುಗೆಮನೆಯಿಂದ ಬಂದ ಹೆಂಗಸು ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತರು. "ತಪ್ಪಾತವಾ, ನಮಗ ಗೊತ್ತಿರಲಿಲ್ಲ. ಇನ್ನೊಂದ್ ಸಲ ಬರ್ತೇವಿ" ಎಂದು ಹಿರಿಯರು ಏಳತೊಡಗಿದರು.

ಆಗ ಅವ್ವ ಬಾಯಿ ತೆರೆದಳು. ಮಣ್ಣು ಮುಗಿದ ಮೇಲೆ ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ಕುಂದರ್ರಿ. ಕೇಳೂದೆಲ್ಲಾ ಇವತ್ತ ಕೇಳಿ ಮುಗಿಸ್ರಿ. ಮತ್ತ ಬರಾಕ ನಿಮಗೂ ದೂರ ಆಕ್ಕೈತಿ."

ಅವರು ಕುಳಿತರು. ಬಾಜೂ ಮನೆಯ ಮೌಶಿ ಚಹಾ ತಂದಳು. ಅವಳು ಸಿದ್ದಿ ಜನಾಂಗದವಳು, ಮೌಳಂಗಿಯ ಕಡೆ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದಳು. ಆ ವಾರ ರಜೆ ಹಾಕಿ ನಮಗೆ ಅಡುಗೆ ಮಾಡುತ್ತಿದ್ದಳು. ಹಿರಿಯರು ತೀರ ಸಣ್ಣ ದನಿಯಲ್ಲಿ, ನನ್ನ ಮುಖ ನೋಡದೆ, ಒಂದೊಂದೇ ಕೇಳಿದರು. ಮನೆ ಸ್ವಂತದ್ದೋ ಬಾಡಿಗೆಯೋ. ದುಡಿಯುವವರು ಯಾರು. ಕೊನೆಗೆ, "ಮುಂದ ಏನಾಗಬೇಕಂತೀರಿ?" ಎಂದರು. ಬ್ಯಾಂಕಿನ ಪರೀಕ್ಷೆ ಬರೀತೇನ್ರಿ, ತಂಗೀನ ಓದಸ್ತೇನ್ರಿ ಎಂದೆ. ಕಲಿಸಿದ್ದು ಕಲಿಸಿದ ಹಾಗೇ ಬಂತು. ತಂಗಿ ಈ ಸಲ ಸುಮ್ಮನಿದ್ದಳು.

ಹೊರಡುವ ಮುನ್ನ ಮನೆಯವರ ಫೋಟೋ ಬೇಕು ಎಂದರು. ಬಾಗಿಲ ಮುಂದೆ ಮೂವರೂ ನಿಂತೆವು. ಮೊಬೈಲು ಹಿಡಿದ ಹೆಂಗಸು ರೂಢಿಯ ಮೇಲೆ, "ಸ್ವಲ್ಪ ನಗ್ರಿ" ಎಂದುಬಿಟ್ಟರು. ಆಮೇಲೆ ಅವರ ಕಣ್ಣು ತುಂಬಿತು. ತಂಗಿ ನಕ್ಕಿದ್ದಳು. ಆ ಫೋಟೋದಲ್ಲಿ ಅವಳೊಬ್ಬಳೇ ನಗುತ್ತಿದ್ದಾಳೆ.

ಹಣ ಬಂತು. ಒಬ್ಬರೇ ಪಾಲಕರಿರುವ ಹುಡುಗಿಯರಿಗೆ ಮೊದಲ ಆದ್ಯತೆಯಂತೆ. "ನಿಂದು ಮೊದಲ ಲಿಸ್ಟಿನ್ಯಾಗ ಬಂತು ನೋಡು!" ಎಂದು ಮೇಡಂ ಖುಷಿಯಿಂದ ಹೇಳಿ, ಕಾರಣ ನೆನಪಾಗಿ ನನ್ನ ಕೈ ಹಿಡಿದುಕೊಂಡರು. ನಾನು ಥ್ಯಾಂಕ್ಸ್ ಎಂದೆ. ಬಸ್‌ಪಾಸು ಮಾಡಿಸಿದೆ, ಫೀ ಕಟ್ಟಿದೆ, ಮುಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಂಡೆ. ಅವ್ವ ಶಾಲೆಯ ಬಿಸಿಯೂಟದ ಕೆಲಸಕ್ಕೆ ಸೇರಿದಳು. ಒಳ್ಳೆಯದಾಯಿತು ಎಂದು ಎಲ್ಲರೂ ಅಂದರು. ನನಗೆ ಒಳ್ಳೆಯದೂ ಅನಿಸಲಿಲ್ಲ, ಕೆಟ್ಟದ್ದೂ ಅನಿಸಲಿಲ್ಲ. ವಸಡಿಗೆ ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತ ಮೇಲೆ ಗಲ್ಲ ಮರಗಟ್ಟಿರುತ್ತದಲ್ಲ, ಹಾಗಿತ್ತು.

ವರ್ಷಕ್ಕೊಮ್ಮೆ ಟ್ರಸ್ಟಿನವರು ನಮ್ಮ ಭಾಗದ ಹುಡುಗಿಯರನ್ನು ಮೌಳಂಗಿಯ ಪಾರ್ಕಿನಲ್ಲಿ ಸೇರಿಸುತ್ತಿದ್ದರು. ಹಣ ಕೊಡುವ ದೊಡ್ಡವರೂ ಬರುತ್ತಿದ್ದರು. ಒಬ್ಬೊಬ್ಬರೇ ಎದ್ದು ನಮ್ಮ ಕಷ್ಟ ಹೇಳಬೇಕು. ಎರಡನೆಯ ವರ್ಷ ನನ್ನ ಪಾಳಿ ಬಂದಾಗ ಸಲೂನು, ನೊರೆ, ಅರ್ಧ ದಾಡಿ ಎಲ್ಲವನ್ನೂ ಹೇಳಿದೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ದನಿ ಎಲ್ಲೂ ನಡುಗಲಿಲ್ಲ. ಆಮೇಲೆ ಊಟಕ್ಕೆ ಕುಳಿತು ಎರಡು ಸಲ ಅನ್ನ ಹಾಕಿಸಿಕೊಂಡೆ.

ಮನೆಗೆ ಬಂದಾಗ ಅವ್ವ ಕೇಳಿದಳು, "ಏನ್ ಕೇಳಿದ್ರು?"

"ಅಪ್ಪನ ಸುದ್ದಿ."

"ಏನ್ ಹೇಳ್ದಿ?"

"ಸಲೂನಿನ್ಯಾಗ ಹೆಂಗ ಹ್ವಾದ ಅನ್ನೂದು."

ಅವ್ವ ಅಕ್ಕಿ ಆರಿಸುತ್ತಿದ್ದಳು. "ಸಿಳ್ಳಿ ಹೊಡಕೋತ ಬರತಿದ್ರು, ಅದನ್ನ ಹೇಳ್ಲಿಲ್ಲೇನು?" ಎಂದಳು. "ಓಣಿ ಮಂದಿಗೆಲ್ಲಾ ಶಿಫ್ಟ್ ಬಿಟ್ಟಿದ್ದು ಅವರ ಸಿಳ್ಳಿಯಿಂದನ ಗೊತ್ತಾಗತಿತ್ತು. ಬರೇ ಸತ್ತದ್ದು ಹೇಳಿ ಬಂದೀಯೇನು?"

ನಾನು ಕೈಕಾಲು ತೊಳೆದುಕೊಂಡು ಬಂದು ಅವಳ ಜೊತೆ ಅಕ್ಕಿ ಆರಿಸಿದೆ.

ಕೊನೆಯ ವರ್ಷ ಮತ್ತೆ ಮೌಳಂಗಿಗೆ ಕರೆದರು. ನನ್ನ ಪಾಳಿ ಬಂತು. ನಮ್ಮಪ್ಪ ಸಿಳ್ಳೆ ಹಾಕುತ್ತಾ ಮನೆಗೆ ಬರುತ್ತಿದ್ದರು ಎಂದೆ. ಒಂದು ಹಾಡನ್ನೂ ಪೂರ್ತಿ ಹಾಕುತ್ತಿರಲಿಲ್ಲ, ಅರ್ಧಕ್ಕೆ ಬಿಟ್ಟು ಇನ್ನೊಂದು ಹಿಡಿಯುತ್ತಿದ್ದರು, ಬಾಜೂ ಮನೆಯ ಮೌಶಿ ಅದನ್ನು ಕೇಳಿ ತನ್ನ ಮನೆಯ ಚಹಾಕ್ಕೆ ನೀರು ಇಡುತ್ತಿದ್ದಳು ಎಂದೆ. ಕುಳಿತವರು ನನ್ನನ್ನೇ ನೋಡುತ್ತಿದ್ದರು. ಮೊದಲ ಸಾಲಿನ ಹೆಂಗಸೊಬ್ಬರು ಸೆರಗಿನ ತುದಿ ಕೈಯಲ್ಲಿ ಹಿಡಿದೇ ಕಾಯುತ್ತಿದ್ದರು.

"ಮುಂದ?" ಎಂದು ಕಾರ್ಯಕ್ರಮ ನಡೆಸುವವರು ಕೇಳಿದರು.

"ಅಷ್ಟ ರೀ" ಎಂದು ಕುಳಿತುಕೊಂಡೆ. ಪಕ್ಕದ ಹುಡುಗಿ ಎದ್ದು ನಿಂತಳು.