ವಿಮಾನಕ್ಕೆ ಡಿಸ್ಕ್ ಬ್ರೇಕ್

ಅರಸೀಕೆರೆಯ ಪಂಪ್‌ಸೆಟ್ ಮೆಕ್ಯಾನಿಕ್ ಒಬ್ಬ ಹಾರನಹಳ್ಳಿ ರಸ್ತೆಯ ಹೊಲದಲ್ಲಿ ಪುಟ್ಟ ವಿಮಾನ ಕಟ್ಟಿದ್ದ. "ಹಾರೋದೇನ್ ಮಹಾ, ನಿಲ್ಲೋದ್ ಹೇಳಿ" ಎನ್ನುತ್ತ, ಮಾತಿನ ನಡುವೆ ಬಲಗಾಲಿನಿಂದ ಗಾಳಿಯನ್ನೇ ತುಳಿಯುತ್ತಿದ್ದ. ಹೊಲದಾಚೆ ಅವನ ಮಾವನ ಎಳೆ ತೆಂಗಿನ ತೋಟ. ನಿಲ್ಲದಿದ್ದರೆ ವಿಮಾನವೂ ಸಂಬಂಧವೂ ಪುಡಿಪುಡಿ.

"ಮೊಪೆಡ್ ಬ್ರೇಕ್ ಹಗುರ, ಆದ್ರೆ ಹಿಡಿಯಲ್ಲ. ಬೈಕಿನ ಡಿಸ್ಕ್ ತೂಕ ಐತೆ, ಆದ್ರೆ ನಂಬಬೋದು" ಎಂದು ಬುದ್ಧಿ ಹೇಳಿ, ಗುಜರಿಯವನ ಹತ್ತಿರ ಚೌಕಾಸಿ ಮಾಡಿ ನಾನೇ ಕೊಡಿಸಿದೆ.

ನೆಲದ ಮೇಲೆ ಓಡಿಸಿ ಬ್ರೇಕ್ ಪರೀಕ್ಷಿಸುವ ಬೆಳಿಗ್ಗೆ ಮೆಕ್ಯಾನಿಕ್ ಪೂಜೆ ಮಾಡಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಡಿಸ್ಕಿಗೇ ದಪ್ಪಗೆ ಬಳಿದ. ತುಳಿದಾಗ ಬ್ರೇಕ್ ಜಾರಿತು. ತೋಟ ಎದುರಾದಾಗ ಬೇರೆ ದಾರಿಯಿಲ್ಲದೆ ವಿಮಾನವನ್ನು ಮೇಲೆಬ್ಬಿಸಿದ. ಅದು ಗರಿ ಸವರಿಕೊಂಡು ಹಾರಿ, ಆಚೆಯ ರಾಗಿ ಹೊಲದಲ್ಲಿಳಿಯಿತು.

"ಹಾರಿಬಿಟ್ರಲ್ರೀ!" ಎಂದು ಕೂಗುತ್ತ ಓಡಿದೆ.

ಆತ ಮುಖ ಸಣ್ಣಗೆ ಮಾಡಿಕೊಂಡು ಕೇಳಿದ: "ಈ ಬ್ರೇಕ್ ವಾಪಸ್ ತಗೊತಾನೇನ್ರೀ, ಆ ಗುಜರಿಯೋನು?"