ಬದನೆ ಡಾಕ್ಟರಿಗೆ ಬಂದ ಜ್ವರ

ನನ್ನ ತಮ್ಮ ಹುಟ್ಟಿದಾಗ ಅಳೋದಕ್ಕೆ ತೆರೆದ ಬಾಯನ್ನು ಆಮೇಲೆ ಮುಚ್ಚಿದ್ದನ್ನು ನಾನಂತೂ ಕಂಡಿಲ್ಲ. ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಸ ಬದನೆ ತಳಿ ಬೆಳೆಸುವುದು ಅವನ ಕೆಲಸ, ಹಾಗಾಗಿ ಸುತ್ತಲಿನವರಿಗೆಲ್ಲ ಅವನು ಬದನೆ ಡಾಕ್ಟ್ರು. ಒಳ್ಳೆಯವನು, ಓದಿದವನು. ಆದರೆ ಪ್ರಶ್ನೆ ಕೇಳಿ, ಉತ್ತರವನ್ನೂ ತಾನೇ ಕೊಟ್ಟು, ಆ ಉತ್ತರಕ್ಕೆ ತಾನೇ ಭೇಷ್ ಅನ್ನುವ ಆಸಾಮಿ. "ಊಟ ಆಯ್ತಾ ಅಕ್ಕಾ? ಆಗಿರುತ್ತೆ ಬಿಡು" ಅಂತ ನನ್ನ ಪಾಲಿನದನ್ನೂ ಬಡಿಸಿಕೊಂಡು ತಿಂದ ದಿನಗಳುಂಟು.

ಅವನ ಹೊಸ ಬದನೆಕಾಯಿ ಒಂದೊಂದೂ ಮಗುವಿನ ತಲೆಯಷ್ಟಿತ್ತು. ಅದನ್ನು ರೈತರ ಹೊಲದಲ್ಲಿ ಬೆಳೆಸಿ, ಅವರ ಅಭಿಪ್ರಾಯ ತರಬೇಕಿತ್ತು. ತಂದ. ಎಲ್ಲರೂ "ಬಹಳ ಚೆನ್ನಾಗಿದೆ ಸಾರ್" ಅಂದಿದ್ದರು. ಇವನ ಭಾಷಣ ಮುಗಿದು ಮನೆಗೆ ಹೋದರೆ ಸಾಕು ಅಂತ ಯಾರಾದರೂ ಹಾಗೇ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಕೇಂದ್ರದ ನಿರ್ದೇಶಕರು ಮಾತ್ರ ಕನ್ನಡಕ ತೆಗೆದಿಟ್ಟು, "ಇದು ರೈತರ ಮಾತಲ್ಲ ಕಣ್ರೀ, ನಿಮ್ಮದೇ. ಅವ್ರು ನಮ್ಮ ಜೊತೆ ಸೇರಿ ಕೆಲಸ ಮಾಡ್ಬೇಕು, ಬರೀ ತಲೆ ಆಡಿಸೋದಲ್ಲ. ಈ ಸಲ ಅವ್ರ ಮನಸ್ಸಿನ ಮಾತು ತರದಿದ್ರೆ ಬದನೆ ಪ್ರಯೋಗ ನಿಲ್ಲಿಸ್ತೀನಿ" ಅಂದರಂತೆ.

ಅವತ್ತು ಅವನು ಊಟ ಬಿಟ್ಟ. ನನ್ನ ಪಾಲನ್ನೂ ಮುಟ್ಟಲಿಲ್ಲ ಅಂದರೆ ನೋಡಿ! "ಎದುರಿಗಿರೋರು ಸುಮ್ನಿದ್ರೆ ನಂಗೆ ಭಯ ಆಗುತ್ತೆ ಅಕ್ಕಾ. ಬಾಯಿ ತಾನಾಗೇ ಓಡುತ್ತೆ" ಅಂದ. ನಾನು ಮಕ್ಕಳ ಆಸ್ಪತ್ರೆಯಲ್ಲಿ ನರ್ಸು, ಬಾಯಿ ಮುಚ್ಚಿಸುವುದರಲ್ಲಿ ಪಳಗಿದ ಕೈ. ಒಂದು ಥರ್ಮಾಮೀಟರ್ ತಂದುಕೊಟ್ಟೆ. "ಪ್ರಶ್ನೆ ಕೇಳಿದ ತಕ್ಷಣ ಇದನ್ನ ನಾಲಿಗೆ ಕೆಳಗೆ ಇಟ್ಕೋ. ಅವ್ರು ಹೇಳಿ ಮುಗಿಸೋವರೆಗೂ ತೆಗೀಬೇಡ."

ಅವನನ್ನು ನಂಬಲಾಗದೆ ಹೊಲಕ್ಕೆ ನಾನೂ ಹೋದೆ. ಹೊಲದೊಡತಿಗೆ ಊರಿಟ್ಟ ಹೆಸರು ಪಂಪ್‌ಸೆಟ್ಟಮ್ಮ. ಪಂಪ್‌ಸೆಟ್ ಓಡುತ್ತಿದ್ದರೂ ಆಕೆಯ ಮಾತು ಆಚೆ ಹೊಲಕ್ಕೆ ಕೇಳುತ್ತಿತ್ತು. ಗಂಡನೂ ನೆರೆಯ ರೈತನೊಬ್ಬನೂ ಮರದ ಕೆಳಗೆ ಕೂತಿದ್ದರು. ತಮ್ಮ "ಗಿಡ ಹೇಗಿದೆ?" ಅಂತ ಕೇಳಿ, ಬಾಯಿಗೆ ಥರ್ಮಾಮೀಟರ್ ಸಿಕ್ಕಿಸಿ, ಕಣ್ಣು ಕಣ್ಣು ಬಿಡುತ್ತಾ ನಿಂತ.

ಗಂಡ ವಾಡಿಕೆಯಂತೆ "ಬಹಳ ಚೆನ್ನಾಗಿದೆ ಸಾರ್" ಅಂದ. ಇವನು ಮಾತಾಡಲಿಲ್ಲ. ಮಾತಾಡದ ಬದನೆ ಡಾಕ್ಟರನ್ನು ಅವರು ಯಾವತ್ತೂ ನೋಡಿರಲಿಲ್ಲವಲ್ಲ, ಗಾಬರಿಯಾದರು.

"ಅಯ್ಯೋ, ಜ್ವರ ಬಂದಿದೆ! ಮಾತೇ ನಿಂತ್ಹೋಗಿದೆ ಪಾಪ!" ಅಂದಳು ಪಂಪ್‌ಸೆಟ್ಟಮ್ಮ.

ತಮ್ಮ "ಊಂ ಊಂ" ಅಂತ ಕೈಯಾಡಿಸಿದ. ಅದನ್ನು ನಡುಕ ಅಂದುಕೊಂಡು ಅವನನ್ನು ಮರದ ಕೆಳಗಿದ್ದ ಹಗ್ಗದ ಮಂಚದ ಮೇಲೆ ಮಲಗಿಸಿ, ಹಣೆಗೆ ಒದ್ದೆ ಟವೆಲ್ ಹಾಕಿದರು. ಅವನು ನನ್ನ ಕಡೆ ದೀನನಾಗಿ ನೋಡಿದ. ನಾನು ಕಣ್ಣಲ್ಲೇ ಗದರಿಸಿದೆ.

ರೋಗಿ ಮಲಗಿದ ಮೇಲೆ ಅವನೆದುರೇ ಅವನ ವಿಷಯ ಮಾತಾಡಬಹುದು ಅಂತ ಜನರಿಗೆ ಅದ್ಯಾಕೆ ಅನ್ನಿಸುತ್ತದೋ! ಆಸ್ಪತ್ರೆಯಲ್ಲಿ ದಿನಾ ನೋಡುತ್ತೇನೆ. ಪಂಪ್‌ಸೆಟ್ಟಮ್ಮ ನನ್ನ ಪಕ್ಕ ಕೂತು ಪಿಸುಗುಟ್ಟಿದಳು. ಆ ಪಿಸುಮಾತಿಗೆ ಮರದ ಕಾಗೆ ಹಾರಿಹೋಯಿತು.

"ಈ ಬದನೆ ಚಿಂತೆನೇ ತಲೆಗೇರಿದೆ ನೋಡಮ್ಮಾ. ನಿಜ ಗೊತ್ತಾದ್ರೆ ಎದ್ದೇಳಲ್ಲ."

"ಏನದು ನಿಜ?"

"ತೊಟ್ಟಿನ ತುಂಬಾ ಮುಳ್ಳು. ಕೀಳೋಕೆ ಆಳುಗಳು ಬರಲ್ಲ. ಅಷ್ಟು ದಪ್ಪದ ಕಾಯಿ ಯಾರಿಗೆ ಬೇಕು? ಸಂತೇಲಿ ಅರ್ಧ ಕೊಯ್ದು ಕೊಡಿ ಅಂತಾರೆ, ಉಳಿದರ್ಧ ಕಪ್ಪಾಗುತ್ತೆ."

"ಮೇಕೆಗೆ ಹಾಕ್ದೆ. ಮೂಸಿ ನೋಡಿ ಹೊರಟೋಯ್ತು" ಅಂದ ಗಂಡ.

"ಗಿಡ ಮಾತ್ರ ಗಟ್ಟಿ" ಅಂದ ನೆರೆಯವನು. "ನಮ್ಮ ಬದನೆಯೆಲ್ಲ ಬಾಡಿದಾಗ ಇದೊಂದೇ ನಿಂತಿತ್ತು. ಈ ಗಟ್ಟಿತನ ನಮ್ಮ ಸಣ್ಣ ಕಾಯಿಗೆ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ಆದ್ರೆ ಇವ್ರು ಮಾತಾಡ್ತಾನೇ ಇದ್ರೆ ನಾವು ಬಾಯಿ ಬಿಡೋದು ಯಾವಾಗ?"

ತಮ್ಮ ಧಡಕ್ಕನೆ ಎದ್ದು ಕೂತ. ಥರ್ಮಾಮೀಟರ್ ತೆಗೆದ.

"ಅಯ್ಯಯ್ಯೋ, ಕೇಳಿಸ್ತಾ ಸಾರ್?" ಪಂಪ್‌ಸೆಟ್ಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವನ ಕಣ್ಣು ತುಂಬಿತ್ತು. ವರ್ಷಗಟ್ಟಲೆ ಸಾಕಿದ ಕಾಯನ್ನು ಮೇಕೆಯೂ ಒಲ್ಲೆ ಅಂದರೆ ಯಾರಿಗೆ ಸಂಕಟವಾಗುವುದಿಲ್ಲ? ನನಗೂ ಆಯಿತು. ಇನ್ನು ಬದನೆಯ ಪರವಾಗಿ ದೊಡ್ಡ ಭಾಷಣವೇ ಬರುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

"ಮುಳ್ಳು ಎಲ್ಲಿದೆ, ತೋರಿಸ್ತೀರಾ?" ಅಂದ. ತುಟಿ ಕಚ್ಚಿಕೊಂಡು ಕಾದ.

ಪಂಪ್‌ಸೆಟ್ಟಮ್ಮ ಅವನ ಕೈಯಿಂದಲೇ ಕಾಯಿ ಕೀಳಿಸಿದಳು. ಅವನು "ಅಮ್ಮಾ!" ಅಂತ ಕಿರುಚಿದ. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಬೆರಳು ಚೀಪುತ್ತಾ ಅವನೂ ನಕ್ಕ. ಆಮೇಲೆ ಯಾರಿಗೂ ಪಿಸುಮಾತು ಬೇಕಾಗಲಿಲ್ಲ. ಗಂಡನಂತೂ ಸಾಹೇಬರ ತಲೆ ಮೇಲಿನ ದೊಡ್ಡ ಟೋಪಿ ನೋಡಿ ನೋಡಿಯೇ ಕಾಯಿ ದಪ್ಪಗಾಯಿತು ಅಂತ ವಾದಕ್ಕಿಳಿದ. ತಮ್ಮ ಅದನ್ನೂ ಕೇಳಿಸಿಕೊಂಡ.

"ಮುಂದಿನ ಸಲ ಗಿಡ ಆರಿಸೋವಾಗ ನಮ್ಮನ್ನೂ ಕರೀರಿ ಸಾರ್. ಮುಳ್ಳಿರೋದನ್ನ ನಾವೇ ಕಿತ್ತೆಸೀತೀವಿ" ಅಂದಳು ಪಂಪ್‌ಸೆಟ್ಟಮ್ಮ.

"ಯಾವಾಗ ಬರ್ತೀರಿ?"

ಆಕೆ ಹೇಳಲು ಶುರುಮಾಡಿದಳು. ಮೊದಲು ನೀರಿನ ಪಾಳಿ, ಆಮೇಲೆ ಸೊಸೆಯ ಬಾಣಂತನ, ಅದರ ನಡುವೆ ಮಣ್ಣಿನ ಗುಣ. ಬಿಸಿಲಿಗೆ ನನ್ನ ತಲೆ ಸಿಡಿಯತೊಡಗಿತು, ಕಾಲು ಸೋತಿತು, ಸಿಟ್ಟು ನೆತ್ತಿಗೇರಿತು.

"ಸಾಕು ಬಾರೋ! ಅವ್ರು ಏನು ಹೇಳ್ತಾರೆ ಅಂತ ನಂಗೆ ಗೊತ್ತು, ದಾರೀಲಿ ನಾನೇ ಹೇಳ್ತೀನಿ" ಅಂದೆ.

ಅವನು ನನ್ನ ಕಡೆ ತಿರುಗಲೂ ಇಲ್ಲ.

"ಸ್ವಲ್ಪ ಸುಮ್ನಿರು ಅಕ್ಕಾ. ಅವ್ರಿನ್ನೂ ಮಾತಾಡ್ತಿದಾರೆ."